ಯೋಮೊಗಿಗೆ ಬಿಸಿನೀರು

ಕುರಾಮೊತೊ-ಸಾನ್ ಅವರ ಹೃದಯದ ಅರ್ಧ ಕೆಲಸ ಅವರ ಹೊಟ್ಟೆಯ ಮೇಲೆ, ಎಲ್ಲರ ಕಣ್ಣೆದುರೇ ನಡೆಯುತ್ತಿತ್ತು. ಮುಷ್ಟಿ ಗಾತ್ರದ ಪಾರದರ್ಶಕ ಪಂಪು. ಪಕ್ಕೆಲುಬಿನ ಕೆಳಗಿಂದ ಹೊರಬಂದ ಎರಡು ದಪ್ಪ ಕೊಳವೆಗಳು ಅದಕ್ಕೆ ಸೇರಿದ್ದವು. ಮಂಚದ ಪಕ್ಕದ ಯಂತ್ರ ಗಾಳಿ ಊದಿದಾಗಲೆಲ್ಲ ಪಂಪಿನೊಳಗಿನ ತೆಳು ಚೀಲ ಕುಗ್ಗಿ ರಕ್ತವನ್ನು ಮೈಗೆ ದಬ್ಬುತ್ತಿತ್ತು. ಆ ಚೀಲ ನಾನು ಮಾಡಿದ್ದು.

ಮಾಡಿದ್ದು ಎಂದರೆ ದೊಡ್ಡ ಮಾತಾಯಿತು. ಅಚ್ಚನ್ನು ಪಾಲಿಯುರೇಥೇನ್ ದ್ರಾವಣದಲ್ಲಿ ಅದ್ದುವುದು, ಮೆಲ್ಲಗೆ ತಿರುಗಿಸುತ್ತ ಒಣಗಿಸುವುದು, ಮತ್ತೆ ಅದ್ದುವುದು. ಮಾತು ಬೇಡದ ಕೆಲಸ. ಪದವಿ ಮುಗಿಸಿ ಒಸಾಕಾದ ಈ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಸೇರಿದಾಗ ನನಗೆ ಹಿಡಿಸಿದ್ದೇ ಅದು. ರಕ್ತಕ್ಕೆ ತನ್ನದಲ್ಲದ ವಸ್ತು ತಾಗಿದರೆ ಅದು ಹೆಪ್ಪುಗಟ್ಟುತ್ತದೆ. ಚೀಲದ ಒಳಮೈ ರಕ್ತಕ್ಕೆ ಪರಕೀಯ ಅನ್ನಿಸಬಾರದು, ಅದೊಂದೇ ನಮ್ಮೆಲ್ಲರ ಹಟ. ಹೊಸಬರ ಮನೆಗೆ ಹೋದರೆ ಚಪ್ಪಲಿ ಬಿಡುವ ಜಾಗದಲ್ಲೇ ನಿಂತುಬಿಡುವ ನನಗೆ ಆ ರಕ್ತದ ಸಂಕೋಚ ಚೆನ್ನಾಗಿ ಅರ್ಥವಾಗುತ್ತಿತ್ತು.

ದಿನಾ ಬೆಳಿಗ್ಗೆ ಸಣ್ಣ ಟಾರ್ಚ್ ಹಿಡಿದು ಆ ಪಂಪನ್ನು ನೋಡುವುದೂ ನನ್ನ ಪಾಲಿಗೆ ಬಂದಿತ್ತು. ವೈದ್ಯರು, ದಾದಿಯರು ನೋಡುತ್ತಿದ್ದರು, ಆಮೇಲೆ ಪ್ರಯೋಗಾಲಯದ ಪರವಾಗಿ ನಾನು.

“ಬಂದ್ಲು ನೋಡೇ, ಟಾರ್ಚ್ ಪೊಲೀಸು,” ಎಂದು ಕುರಾಮೊತೊ-ಸಾನ್ ಹೆಂಡತಿಗೆ ಹೇಳುತ್ತಿದ್ದರು. “ಏನಮ್ಮಾ ಶಿಹೋ, ಇವತ್ತೇನಾದ್ರೂ ಕಳ್ಳಮಾಲು ಸಿಕ್ತಾ?”

“ಇಲ್ಲ... ಸ್ವಚ್ಛವಾಗಿದೆ.”

“ಇರದೆ ಏನು! ಮೂರು ತಲೆಮಾರಿಂದ ಊರಿನೋರಿಗೆಲ್ಲ ಸ್ನಾನ ಮಾಡಿಸಿದ ಮನೆತನ ನಮ್ದು.”

“ಮನೆತನವಂತೆ!” ಅವರ ಹೆಂಡತಿ ಸದಾಎ-ಸಾನ್ ಒದ್ದೆ ಬಟ್ಟೆ ಹಿಂಡುತ್ತಲೇ ಹೇಳುತ್ತಿದ್ದರು. “ಚೆರಿ ಹೂ ಬಿಟ್ಟಾಗಿಂದ ಈ ಮನುಷ್ಯನ ಮೈಗೆ ಒಂದು ಚೊಂಬು ನೀರು ಬಿದ್ದಿಲ್ಲ. ಒರೆಸಿ ಒರೆಸಿ ನಾನೇ ಸವೆದೋದೆ.”

ಅವರದು ಬೀದಿಯವರೆಲ್ಲ ಬರುವ ಸ್ನಾನದ ಮನೆ. ವಸಂತದಲ್ಲಿ ಬಂದ ಸಾಮಾನ್ಯ ನೆಗಡಿಯ ಸೋಂಕು ಹೃದಯಕ್ಕಿಳಿದು, ಹೃದಯ ಊದಿಕೊಂಡು, ಬಡಿಯುವುದನ್ನೇ ಮರೆಯುತ್ತ ಬಂದಿತ್ತು. ಪಂಪು ಅದಕ್ಕೆ ವಿಶ್ರಾಂತಿ ಕೊಡುತ್ತಿತ್ತು. ಅದು ಮತ್ತೆ ಬಡಿಯಲು ಕಲಿತರೆ ಪಂಪು ತೆಗೆಯಬಹುದು, ಅವರು ಬಿಸಿನೀರಿನ ತೊಟ್ಟಿಗೆ ಇಳಿಯಬಹುದು. ಅಲ್ಲಿಯ ತನಕ ಚೀಲದಲ್ಲಿ ಹೆಪ್ಪು ಕೂರಬಾರದು. ಅದರ ಒಂದು ಚೂರು ಕಿತ್ತುಬಂದು ಮಿದುಳು ಸೇರಿದರೆ ಎಲ್ಲ ಮುಗಿದ ಹಾಗೆ. ಇದು ಅವರಿಗೂ ಗೊತ್ತಿತ್ತು. ಅದಕ್ಕೇ ಅಷ್ಟು ತಮಾಷೆ ಮಾಡುತ್ತಿದ್ದರು ಅನ್ನಿಸುತ್ತದೆ.

ಒಂದು ದಿನ ಇದ್ದಕ್ಕಿದ್ದ ಹಾಗೆ ಕೇಳಿದರು. “ಅಲ್ಲಮ್ಮಾ, ನನಗಿಂತ ಮುಂಚೆ ಇಂಥದ್ದನ್ನ ಹಾಕ್ಕೊಂಡೋರು ಯಾರು?”

“ಆಡು.”

“ಆಡಾ!”

“ಅದಕ್ಕೇ ಮತ್ತೆ,” ಎಂದರು ಸದಾಎ-ಸಾನ್, “ಕಂಡಿದ್ದೆಲ್ಲ ಮೇಯ್ತಿದ್ದಾರೆ. ನಿನ್ನೆ ನನ್ನ ಡಬ್ಬಿಯ ಮೂಲಂಗಿ ಉಪ್ಪಿನಕಾಯೂ ಮಾಯ.”

ಕುರಾಮೊತೊ-ಸಾನ್ ನಗಲಿಲ್ಲ. “ಹೆಸರಿತ್ತಾ ಅದಕ್ಕೆ?”

ಇತ್ತು. ಯೋಮೊಗಿ. ಬೇಲಿಯ ಪಕ್ಕ ಬೆಳೆಯುವ ಯೋಮೊಗಿ ಸೊಪ್ಪು ಕಂಡರೆ ಅವಳಿಗೆ ಜೀವ. ಅದನ್ನು ಕಿತ್ತು ತಿನ್ನಿಸುವ ನೆಪದಲ್ಲಿ ನಾನು ಅವಳೊಡನೆ ಮಾತಾಡುತ್ತಿದ್ದೆ. ಮನುಷ್ಯರೊಡನೆ ಇಡೀ ವಾರ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಅವಳಿಗೆ ಒಂದು ಸಂಜೆ ಆಡಿದ್ದಿದೆ. ಪಂಪು ಕಟ್ಟಿಕೊಂಡೇ ಅವಳು ಒಂದು ಬೇಸಿಗೆ ಕಳೆದಳು. ಆಮೇಲೊಂದು ಬೆಳಿಗ್ಗೆ ಅವಳ ಹಿಂಗಾಲುಗಳು ಏಳಲಿಲ್ಲ. ಹೆಪ್ಪಿನ ಚೂರು ಹೋಗಿ ಸಿಕ್ಕಿಕೊಂಡಿತ್ತು. ಅವಳನ್ನು ಕಳೆದುಕೊಂಡ ಮೇಲೆ ಪಂಪು ಬಿಚ್ಚಿ ನೋಡಿದೆವು. ಚೀಲವೆಲ್ಲ ಕನ್ನಡಿಯ ಹಾಗಿತ್ತು. ಚೀಲ ಮತ್ತು ಕವಾಟದ ಉಂಗುರ ಕೂಡುವ ಸಂದಿಯ ಹಿಂದೆ ಮಾತ್ರ, ಬಿದಿಗೆಯ ಚಂದ್ರನಂತೆ, ಹೆಪ್ಪು ಕೂತಿತ್ತು.

ಇದನ್ನೆಲ್ಲ ತಡವರಿಸುತ್ತ ಹೇಳಿದೆ. “ಆ ಸಂದಿಯನ್ನ ಆಮೇಲೆ ತಿದ್ದಿದ್ವಿ. ನಿಮ್ಮದು ತಿದ್ದಿದ ಮೇಲಿನದು.”

ಕುರಾಮೊತೊ-ಸಾನ್ ತಮ್ಮ ಹೊಟ್ಟೆಯ ಮೇಲಿನ ಪಂಪನ್ನು ನೋಡಿದರು. “ಅವಳಿಗೆ ನೀವೇನ್ ಮಾಡಿದ್ರಿ?”

“ಪ್ರಯೋಗಾಲಯದ ಹಿಂದೆ ಒಂದು ಕಲ್ಲಿದೆ. ಶರತ್ಕಾಲದಲ್ಲಿ ಎಲ್ಲರೂ ಹೋಗಿ ಕೈಮುಗಿದು ಬರ್ತೀವಿ, ಅಲ್ಲಿ ಸತ್ತ ಪ್ರಾಣಿಗಳಿಗೆ.”

“ಈ ಸಲ ನಾನೂ ಬರ್ತೀನಿ.”

“ಮೊದಲು ಬಚ್ಚಲ ತನಕ ಹೋಗಿ, ಆಮೇಲೆ ಕಲ್ಲಿನ ತನಕ ಹೋಗೋರಂತೆ,” ಎಂದರು ಸದಾಎ-ಸಾನ್. ಹೇಳಿ ಮುಖ ಅತ್ತ ತಿರುಗಿಸಿಕೊಂಡರು.

ಬೇಸಿಗೆಗೆ ಮುಂಚಿನ ಮಳೆಗಾಲ ಮುಗಿಯುವ ಹೊತ್ತಿಗೆ ಆ ಹೃದಯ ಚೇತರಿಸಿಕೊಂಡಿತು. ಪಂಪಿನ ವೇಗ ತಗ್ಗಿಸಿ, ಹೃದಯವೊಂದೇ ಎಷ್ಟು ತಡೆಯುತ್ತದೆ ಎಂದು ನೋಡುವ ದಿನ ಬಂತು. ಶಸ್ತ್ರವೈದ್ಯ ಮಿಬು ಸೆನ್ಸೇ, ಅವರ ಹಿಂದೆ ಕಿರಿಯ ವೈದ್ಯರ ಸಾಲು. ಸೆನ್ಸೇ ಬಾಗಿ ಪಂಪು ನೋಡಿ, “ಸರಿ ಇದೆ,” ಎಂದು ಪಕ್ಕಕ್ಕೆ ಸರಿದರು. ನಾನು ಟಾರ್ಚ್ ಹಿಡಿದು ಬಗ್ಗಿದೆ.

ನಾನು ಯಾವಾಗಲೂ ಮೊದಲು ನೋಡುತ್ತಿದ್ದುದು ಯೋಮೊಗಿಯ ಜಾಗವನ್ನೇ. ಅಲ್ಲಿ ಎಳ್ಳುಕಾಳಿನಷ್ಟು ಬಿಳುಪು ಕಂಡಿತು.

ಬೆಳಕಿನ ಹೊಳಪಿರಬಹುದು ಎಂದು ಟಾರ್ಚ್ ಓರೆ ಮಾಡಿದೆ. ಹೊಳಪಾದರೆ ಸರಿಯಬೇಕು. ಅದು ಸರಿಯಲಿಲ್ಲ. ರಕ್ತ ಬಂದು ಹೋಗುತ್ತಿತ್ತು, ಅದು ಕೂತಲ್ಲೇ ಕೂತಿತ್ತು. ವೇಗ ತಗ್ಗಿಸಿದರೆ ರಕ್ತ ನಿಧಾನವಾಗುತ್ತದೆ, ನಿಧಾನವಾದ ರಕ್ತ ಮತ್ತಷ್ಟು ಹೆಪ್ಪುಗಟ್ಟಲು ಇಷ್ಟು ಸಾಕು. ಇದು ಗೊತ್ತಿದ್ದೂ ನನ್ನ ಬಾಯಿ ತೆರೆಯಲಿಲ್ಲ. ಸೆನ್ಸೇ ಆಗಲೇ ಸರಿ ಅಂದಾಗಿತ್ತು. ಅವರು ಅಂದ ಮೇಲೆ ಆ ಕೋಣೆಯಲ್ಲಿ ಇನ್ನೊಂದು ಮಾತಿರುತ್ತಿರಲಿಲ್ಲ.

“ಶುರು ಮಾಡೋಣ,” ಎಂದರು ಸೆನ್ಸೇ. ಯಂತ್ರದ ಬಳಿಯಿದ್ದವರು ಗುಂಡಿಗೆ ಕೈ ಹಾಕಿದರು.

“ಸ್ವಲ್ಪ ತಡೀರಿ ಸೆನ್ಸೇ,” ಎಂದರು ಕುರಾಮೊತೊ-ಸಾನ್. “ಈ ಹುಡುಗಿ ದಿನಾ ‘ಸ್ವಚ್ಛವಾಗಿದೆ’ ಅಂತಾಳೆ. ಇವತ್ತು ಅಂದಿಲ್ಲ.”

ಎಲ್ಲರೂ ನನ್ನ ಕಡೆ ತಿರುಗಿದರು. ಕಿವಿ ಬಿಸಿಯಾಯಿತು.

“ಉಂಗುರದ ಹಿಂದೆ,” ಎಂದೆ. ಧ್ವನಿ ನನ್ನದೇ ಎಂದು ನಂಬಲಾಗಲಿಲ್ಲ. “ಯೋಮೊಗಿಗೆ ಆಗಿತ್ತಲ್ಲ, ಆ ಜಾಗದಲ್ಲಿ... ಏನೋ ಇದೆ. ಅಲುಗ್ತಿಲ್ಲ.”

ಸೆನ್ಸೇ ಯೋಮೊಗಿಯನ್ನು ಮರೆತಿರಲಿಲ್ಲ. ನನ್ನ ಕೈಯಿಂದ ಟಾರ್ಚ್ ತೆಗೆದುಕೊಂಡು ಮತ್ತೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

“ಹೂಂ. ಇದೆ. ವೇಗ ಮುಟ್ಟಬೇಡಿ. ಮೊದಲು ಪಂಪು ಬದಲಾಯಿಸೋಣ.”

ಕುರಾಮೊತೊ-ಸಾನ್ ಅವರನ್ನು ಶಸ್ತ್ರಚಿಕಿತ್ಸೆಗೆ ಕರೆದೊಯ್ದ ಮೇಲೆ ನಾನು ಸದಾಎ-ಸಾನ್ ಜೊತೆ ಹೊರಗಿನ ಬೆಂಚಿನಲ್ಲಿ ಕೂತೆ. ಹಾಕುವ ಹೊಸ ಪಂಪಿನ ಚೀಲವೂ ನಾನೇ ಅದ್ದಿದ್ದು. ಅದರ ಸಂದಿಯನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ತಡಕಿ ನೋಡಿದೆ. ಸದಾಎ-ಸಾನ್ ಹುಳಿ ಪ್ಲಮ್ ಇಟ್ಟ ಅನ್ನದುಂಡೆಯನ್ನು ಬಿಚ್ಚಿ ನನ್ನ ಕೈಗಿಟ್ಟರು.

“ತಿನ್ನು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು.”

“ನಿಮಗೆ?”

“ನಂಗೆ ಇಳಿಯಲ್ಲ ಕಣಮ್ಮ. ನೀನು ತಿಂದ್ರೆ ನಂಗೆ ಅಷ್ಟೇ ಸಮಾಧಾನ.”

ನಾನು ತಿಂದೆ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಇದ್ದರು. ಯಾರಿಗೆ ಯಾರು ಧೈರ್ಯ ಹೇಳಬೇಕಿತ್ತೋ!

ಮಿಬು ಸೆನ್ಸೇ ಹೊರಬಂದು ಸದಾಎ-ಸಾನ್‌ಗೆ ತಲೆ ಬಾಗಿಸಿ, “ಚೆನ್ನಾಗಿದ್ದಾರೆ,” ಎಂದರು. ಹಳೆಯ ಪಂಪನ್ನು ನಾವು ಪ್ರಯೋಗಾಲಯದಲ್ಲಿ ಬಿಚ್ಚಿದೆವು. ಉಂಗುರದ ಹಿಂದೆ ಕತ್ತರಿಸಿದ ಉಗುರಿನಷ್ಟು ತೆಳುವಾದ ಹೆಪ್ಪು. ಒಂದು ತುದಿ ಆಗಲೇ ಬಿಟ್ಟುಕೊಂಡು ತೂಗುತ್ತಿತ್ತು.

“ನೋಡಿದ್ರೂ ನನಗೆ ಕಾಣ್ಲಿಲ್ಲ,” ಎಂದರು ಸೆನ್ಸೇ. “ಕಾಣೋದು ಹೇಗೆ ಅಂತ ಯೋಮೊಗಿ ನಿನಗೆ ಚೆನ್ನಾಗಿ ಕಲಿಸಿದ್ದಾಳೆ.” ಆಮೇಲೆ, ಬಾಗಿಲ ಬಳಿ ನಿಂತು, “ಇನ್ನು ಮುಂದೆ ರೋಗಿ ಕೇಳೋ ತನಕ ಕಾಯಬೇಡ,” ಎಂದು ಹೇಳಿ ಹೋದರು. ಬೈದರೋ ಹೊಗಳಿದರೋ ತಿಳಿಯಲಿಲ್ಲ. ಆದರೂ ಅಂದಿನ ದಿನಚರಿಯಲ್ಲಿ ಆ ಮಾತನ್ನು ಇದ್ದ ಹಾಗೇ ಬರೆದುಕೊಂಡೆ.

ಹೊಸ ಪಂಪು ಕೊನೆಯ ತನಕ ಸ್ವಚ್ಛವಾಗಿತ್ತು. ಬೇಸಿಗೆಯ ನಡುವೆ ಅದನ್ನೂ ತೆಗೆದರು. ಕುರಾಮೊತೊ-ಸಾನ್ ಎದೆಯಲ್ಲಿ ಅವರದೇ ಹೃದಯ, ಅದೊಂದೇ, ಬಡಿಯತೊಡಗಿತು.

ಶರತ್ಕಾಲದಲ್ಲಿ ನಾವೆಲ್ಲ ಕಲ್ಲಿನ ಮುಂದೆ ಸೇರಿದಾಗ ಅವರು ಬಂದರು, ಮೆಲ್ಲಗೆ ನಡೆಯುತ್ತ. ಬಗಲಲ್ಲಿ ಮರದ ಸಣ್ಣ ಬಕೀಟು. ಹಿಂದೆ ಸದಾಎ-ಸಾನ್, ದೊಡ್ಡ ಫ್ಲಾಸ್ಕ್ ಹೊತ್ತುಕೊಂಡು.

“ಭಾರ ಎತ್ತಬಾರ್ದು ಅಂದಿದ್ದಾರಲ್ಲ, ಈಗ ನಾನೇ ಇವರ ಕೂಲಿ,” ಎಂದರು.

ಸೇವಂತಿಗೆ ಇಟ್ಟಾಗಿತ್ತು, ಊದುಬತ್ತಿ ಹೊಗೆಯಾಡುತ್ತಿತ್ತು. ಕಲ್ಲಿಗೆ ಎಲ್ಲರೂ ಸೌಟಿನಲ್ಲಿ ತಣ್ಣೀರು ಎರೆದು ಸರಿದರು. ಕುರಾಮೊತೊ-ಸಾನ್ ಫ್ಲಾಸ್ಕಿನ ನೀರನ್ನು ಹೆಂಡತಿಯ ಕೈಯಿಂದ ಬಕೀಟಿಗೆ ಹಾಕಿಸಿಕೊಂಡರು. ಹಬೆ ಎದ್ದಿತು.

“ನಿನ್ನೆ ಡಾಕ್ಟ್ರು ತೊಟ್ಟಿಗೆ ಇಳೀಬಹುದು ಅಂದ್ರು,” ಎಂದು ಅವರು ಕಲ್ಲಿಗೆ ಹೇಳಿದರು. “ಬೆಳಿಗ್ಗೆ ಒಲೆ ಹೊತ್ತಿಸ್ದೆ. ಇದು ಮೊದಲ ನೀರು. ನಾನಿನ್ನೂ ಇಳಿದಿಲ್ಲ ನೋಡು. ಮೊದಲು ನೀನು.”

ಹೆಗಲ ಮೇಲಿದ್ದ ಪುಟ್ಟ ಟವೆಲು ತೆಗೆದು ನನ್ನ ಕೈಗೆ ಕೊಟ್ಟರು. “ಬೆನ್ನು ನೀನೇ ಉಜ್ಜಮ್ಮ. ನಿನಗೆ ಪರಿಚಯದೋಳು.”

ನಾನು ಮಂಡಿಯೂರಿದೆ. ಅವರು ಎರೆದರು, ನಾನು ಉಜ್ಜಿದೆ. ತಣ್ಣಗಿದ್ದ ಕಲ್ಲು ಅಂಗೈಯ ಕೆಳಗೆ ಬೆಚ್ಚಗಾಯಿತು, ಅವಳ ಪಕ್ಕೆ ಇರುತ್ತಿದ್ದಷ್ಟೇ ಬೆಚ್ಚಗೆ. ಸುತ್ತ ಅಷ್ಟು ಜನ ಇದ್ದರೂ, “ನಿನ್ನಿಂದ ಉಳಿದ್ರು ಕಣೇ,” ಎಂದು ಅವಳಿಗೆ ಗಟ್ಟಿಯಾಗಿಯೇ ಹೇಳಿದೆ.

“ಬಿಸಿ ಹೆಚ್ಚಾಯ್ತಾ?” ಎಂದು ಕುರಾಮೊತೊ-ಸಾನ್ ಕೇಳಿದರು. ಅವರು ಕೇಳಿದ್ದು ಕಲ್ಲನ್ನು.

“ಇಲ್ಲ,” ಎಂದೆ ಅವಳ ಪರವಾಗಿ. “ಹದವಾಗಿದೆ.”