ಹೆಗಲ ಮೇಲಿನ ಕೈ

“ಯಾರ ಕೈಯೇ ಇದು?”

ಅಕ್ಕ ಫೋನನ್ನು ತಂಗಿಯ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಮಂಚದ ಮೇಲೆ ಅರ್ಧ ತುಂಬಿದ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿತ್ತು.

ಫೋಟೋ ತೆಗೆದವಳು ತಂಗಿಯೇ. ಅಂಗಡಿಗಳ ಫೋಟೋ ತೆಗೆಯುವುದು ಅವಳ ಕೆಲಸ. ಕಾಫಿ ಅಂಗಡಿಯೊಂದಕ್ಕೆ ಹೊಸ ಬೋರ್ಡು ಬಂದಿದೆಯೆಂದು ಹಿಂದಿನ ದಿನ ಹೋಗಿ, ಬೋರ್ಡನ್ನಷ್ಟೇ ನೋಡಿ ಕ್ಲಿಕ್ಕಿಸಿ, ಚೆನ್ನಾಗಿದೆಯಾ ಎಂದು ಅಕ್ಕನಿಗೂ ಕಳಿಸಿದ್ದಳು. ಬೋರ್ಡಿನ ಕೆಳಗೆ, ಗಾಜಿನಾಚೆ, ಭಾವ ಕೂತಿದ್ದ. ಅವನ ಬೆನ್ನ ಹಿಂದೆ ಹಳದಿ ಅಂಗಿಯ ಹೆಂಗಸೊಬ್ಬಳು ಅವನ ಹೆಗಲ ಮೇಲೆ ಕೈಯಿಟ್ಟು ನಗುತ್ತಿದ್ದಳು.

“ಅಕ್ಕಾ, ಅವಳು ಒಳಗಿರ್ಲೇ ಇಲ್ಲ. ಎದುರಿನ ಬಸ್‌ಸ್ಟಾಪಲ್ಲಿ ನಿಂತಿದ್ದೋಳು. ಗಾಜಲ್ಲಿ ಬಿದ್ದಿದಾಳೆ ಅಷ್ಟೆ.”

“ಬೀಳೋಳು ನೆಟ್ಟಗೆ ಇವರ ಹೆಗಲ ಮೇಲೇ ಬೀಳ್ಬೇಕಾ? ಅಜ್ಜಿ ಕಥೆ ಕೇಳಿ ಕೇಳಿ ನೀನು ಹೀಗಾಗಿದೀಯ. ಭಾವನ ಪರ ವಕಾಲತ್ತು ಬೇರೆ!”

ಅಜ್ಜಿಯ ಕಥೆಯಲ್ಲಿ, ಕೊಳದೊಳಗೆ ಕಂಡ ಅರಮನೆಗೆ ಹಾರಿ ಮುಳುಗಿಹೋದ ರಾಣಿಯೊಬ್ಬಳಿದ್ದಳು. ಅರಮನೆ ದಡದಲ್ಲೇ ಇತ್ತು. ತಿರುಗಿ ನೋಡಿದ್ದರೆ ಸಾಕಿತ್ತು. ಸಂಜೆ ಇವರು ಮನೆಗೆ ಬರುವಷ್ಟರಲ್ಲಿ ನಾನಿಲ್ಲಿರಲ್ಲ ಅಂದಿದ್ದಳು ಅಕ್ಕ. ಅಂದದ್ದನ್ನು ಮಾಡುವವಳು ಅವಳು.

“ಒಂದೇ ಒಂದು ಗಂಟೆ ಕೊಡು. ನಿನ್ನನ್ನೇ ಅಲ್ಲಿ ನಿಲ್ಲಿಸಿ ತೋರಿಸ್ತೀನಿ. ಆಮೇಲೆ ಎಲ್ಲಿಗಾದ್ರೂ ಹೋಗು, ಸೂಟ್‌ಕೇಸು ನಾನೇ ಹೊತ್ಕೊಂಡು ಬರ್ತೀನಿ.”

ಹನ್ನೊಂದು ಗಂಟೆಯ ಬಿಸಿಲು ನಿನ್ನೆಯ ಹಾಗೆಯೇ ಬಸ್‌ಸ್ಟಾಪಿನ ಮೇಲೆ ಬಿದ್ದಿತ್ತು. ಅಂಗಡಿಯೊಳಗೆ ಮಬ್ಬುಗತ್ತಲು. ನಿನ್ನೆಯ ಹೆಂಗಸು ಇಟ್ಟಿದ್ದಂತೆ ಅಕ್ಕನ ಕೈಯನ್ನು ಸ್ಟಾಪಿನ ಕಂಬದ ಮೇಲಿಡಿಸಿ, ತಂಗಿ ರಸ್ತೆ ದಾಟಿ ಗಾಜಿನೆದುರು ಓರೆಯಾಗಿ ನಿಂತಳು. ಕಪ್ಪು ಕಂಬ ಗಾಜಿನಲ್ಲಿ ಮೂಡಲೇ ಇಲ್ಲ. ಬಿಸಿಲು ಹೊಡೆದ ಅಕ್ಕ ಮಾತ್ರ ಮೂಡಿದಳು, ಅವಳ ಕೈ ಒಳಗೆ, ಖಾಲಿ ಕುರ್ಚಿಯೊಂದರ ಮೇಲ್ಗಡೆ, ಗಾಳಿಯಲ್ಲಿ. ತೆಗೆದು ಕಳಿಸಿದಳು.

“ಅಯ್ಯೋ, ನಾನೇ ಒಳಗಿದೀನಲ್ಲೇ!” ಕಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಫೋನಿನಲ್ಲಿ ಅಕ್ಕನ ನಗು. “ಒಳ್ಳೇ ದೆವ್ವದ ಥರ! ಪಾಪ, ಬೆಳಿಗ್ಗೆ ಇವರನ್ನ ಮಾತೂ ಆಡಿಸ್ಲಿಲ್ಲ. ಊಟದ ಡಬ್ಬೀನ ಮುಂದೆ ಕುಕ್ಕಿ ಬಂದೆ.”

ತಂಗಿ ಉಸಿರು ಬಿಡುವಷ್ಟರಲ್ಲಿ, ಪಕ್ಕದ ಓಣಿಯ ಬಾಗಿಲಿನಿಂದ ಭಾವ ಒಳಗೆ ಬಂದ. ಅದೇ ಕುರ್ಚಿಯಲ್ಲಿ, ರಸ್ತೆಗೆ ಅರ್ಧ ಬೆನ್ನು ಹಾಕಿ ಕೂತ. ಅಂಗಡಿಯ ಮುದುಕ ಕೇಳದೆಯೇ ಕಾಫಿ ತಂದಿಟ್ಟ.

“ಇವತ್ತೂ ಎಲ್ಲೂ ಕೆಲಸ ಸಿಗ್ಲಿಲ್ವಾ?” ಮುದುಕನ ಮಾತು ತೆರೆದ ಬಾಗಿಲಿನಿಂದ ಕೇಳಿಸಿತು. ಭಾವ ಇಲ್ಲವೆಂದು ತಲೆಯಾಡಿಸಿದ.

ಹೆಂಗಸು ಯಾರು, ಯಾರು ಎಂದು ಬಡಿದಾಡಿದ್ದರಲ್ಲಿ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೆಷಿನ್ ಮುಂದಿರಬೇಕಾದವನು ನಿನ್ನೆ ಈ ಹೊತ್ತಿನಲ್ಲಿ ಇಲ್ಲೇಕಿದ್ದ ಎಂದು ಅಕ್ಕತಂಗಿಯರಿಬ್ಬರೂ ಕೇಳಿರಲಿಲ್ಲ.

ಭಾವ ಬ್ಯಾಗಿನಿಂದ ಡಬ್ಬಿ ತೆಗೆದ. ಮುಚ್ಚಳ ಬಿಚ್ಚಿ, ತಿನ್ನದೆ, ನೋಡುತ್ತ ಕೂತ.

“ಕೈ ನೋಯ್ತಿದೆ ಕಣೇ,” ಅಂದಳು ಫೋನಿನಲ್ಲಿ, ರಸ್ತೆಯಾಚೆ ಒಳಗಿನದೇನೂ ಕಾಣದೆ ನಿಂತಿದ್ದ ಅಕ್ಕ, ಇನ್ನೂ ನಗುತ್ತ. “ತೆಗೀಲಾ?”

ಗಾಜಿನಲ್ಲಿ ಅವಳ ಕೈ ಭಾವನ ಹೆಗಲ ಮೇಲೆ ಸರಿಯಾಗಿ ಕೂತಿತ್ತು.

“ಬೇಡಕ್ಕಾ,” ಎಂದಳು ತಂಗಿ, ತಿರುಗದೆ. “ಇನ್ನೊಂಚೂರು ಹಾಗೇ ಇಟ್ಕೊಂಡಿರು.”