ಗಾಜಿನ ಮೇಲಿನ ಅರ್ಧಚಂದ್ರ

"ಯಾರನ್ನ ಕೇಳಿ ನನ್ನ ಬಸ್ಸಿಗೆ ಮಣ್ಣು ಮೆತ್ತಿದೆ?"

"ಭಾವ, ಹೊಳೆಯೋ ಬಸ್ಸು ಫೋಟೋದಲ್ಲಿ ಆಟದ ಸಾಮಾನಿನ ಹಾಗೆ ಕಾಣುತ್ತೆ. ಅದಕ್ಕೇ..."

"ನಾಲ್ಕು ತಿಂಗಳು ಬೆನ್ನು ಮುರ್ಕೊಂಡು ಮಾಡಿದವನು ನಾನು. ಬಟನ್ ಒತ್ತೋನು ನೀನು, ನನಗೆ ಹೇಳಿಕೊಡ್ತೀಯಾ?"

ತಂಗಿಯ ಗಂಡ ಬಸ್ಸನ್ನು ನನ್ನ ಕೈಗೆ ಕೊಟ್ಟ. ನಾನು ಬಸ್ಸನ್ನು ಹಿತ್ತಲಿಗೆ ಒಯ್ದು ನಲ್ಲಿಯ ಕೆಳಗೆ ಹಿಡಿದೆ. ಒಳಗೆ ಮಲಗಿದ್ದ ಅಪ್ಪನಿಗೆ ಇದೇನೂ ಗೊತ್ತಾಗಲಿಲ್ಲ.

ಅಪ್ಪ ಇಪ್ಪತ್ತೆಂಟು ವರ್ಷ ಓಡಿಸಿದ ಬಸ್ಸನ್ನೇ ನಾನು ತಗಡಿನಲ್ಲಿ ಮೊಳದುದ್ದಕ್ಕೆ ಇಳಿಸಿದ್ದೆ. ಮುಗಿದ ದಿನ ತೊಡೆಯ ಮೇಲಿಟ್ಟರೆ, "ಚೆನ್ನಾಗಿದೆ" ಎಂದು ಪಕ್ಕಕ್ಕಿಟ್ಟು ಪೇಪರ್ ಕೇಳಿದರು.

ಆಮೇಲೆ ತಂಗಿಯ ಗಂಡ ಅದನ್ನು ರಸ್ತೆಗೆ ಒಯ್ದ. ಸ್ಟೂಲಿನ ಮೇಲೆ ಹಲಗೆ, ಹಲಗೆಯ ಮೇಲೆ ಬಸ್ಸು. ಹಲಗೆಯ ಅಂಚು ಹಿಂದಿನ ನಿಜವಾದ ರಸ್ತೆಗೆ ಕೂಡಿಕೊಂಡಂತೆ ಕಾಣುವವರೆಗೂ ಕ್ಯಾಮೆರಾ ತಗ್ಗಿಸಿದ. ಮಣ್ಣನ್ನೂ ತೆಳುಬಟ್ಟೆಯಲ್ಲಿ ಸೋಸಿ ಉದುರಿಸಿದ; ಇಲ್ಲದಿದ್ದರೆ ಒಂದು ಮರಳಿನ ಕಾಳೂ ಬಂಡೆಯಂತೆ ಕಾಣುತ್ತದಂತೆ. ಮುಂದಿನ ಗಾಜಿಗೆ ಧೂಳು ಹಚ್ಚಿ, ವೈಪರ್ ಆಡುವಷ್ಟು ಜಾಗವನ್ನು ಮಾತ್ರ ಬೆರಳಲ್ಲಿ ಅರ್ಧಚಂದ್ರದ ಹಾಗೆ ಒರೆಸಿದ್ದ.

ಆ ಫೋಟೋ ನೋಡಿ ಅಪ್ಪ ಅತ್ತುಬಿಟ್ಟರು. "ಅಳಿಯಂದ್ರೇ, ಇದು ನನ್ನ ಬಸ್ಸೇ! ಎಲ್ಲಿ ಸಿಕ್ತು ನಿಮಗೆ?" ಎಂದು ಅವನ ಕೈ ಹಿಡಿದುಕೊಂಡರು. ನನ್ನ ಕೈಯನ್ನು ಅವರು ಎಂದೂ ಹಾಗೆ ಹಿಡಿದವರಲ್ಲ. ಅದಾದ ಮೇಲೇ ನಾನು ಬಸ್ಸನ್ನು ನಲ್ಲಿಯ ಕೆಳಗೆ ಹಿಡಿದದ್ದು.

ನಾನು ಬಸ್ಸು ತೊಳೆದ ಸಂಜೆಯೇ ಅಪ್ಪ ಇನ್ನೊಂದು ಫೋಟೋ ಕೇಳಿದರು, ಸೇತುವೆಯ ಮೇಲೆ. ಮರುದಿನ ಬೆಳಿಗ್ಗೆ ನಾನೂ ಜೊತೆಗೆ ಹೋದೆ.

"ಭಾವ, ಅರ್ಧ ಗಂಟೆ ಕೊಡಿ. ಸ್ವಲ್ಪ ಧೂಳು ಹಾಕ್ತೀನಿ."

"ಒಂದು ಚಿಟಿಕೆ ಹಾಕಿದ್ರೂ ಕೈ ಮುರೀತೀನಿ. ಹೀಗೇ ತೆಗಿ."

ತೆಗೆದ.

ಪ್ರಿಂಟನ್ನು ಅಪ್ಪ ಕಿಟಕಿಯ ಬೆಳಕಿಗೆ ಹಿಡಿದರು, ತಿರುಗಿಸಿದರು, ಮತ್ತೆ ಹಿಡಿದರು.

"ಇದು ಯಾವುದೋ ಮಕ್ಕಳ ಆಟಿಕೆ. ನನ್ನ ಬಸ್ಸೆಲ್ಲಿ?"

"ನಿಮ್ಮ ಅಳಿಯನನ್ನೇ ಕೇಳಿ. ಮೊದಲಿನದು ಅದೃಷ್ಟಕ್ಕೆ ಚೆನ್ನಾಗಿ ಬಂದಿರಬೇಕು," ಎಂದೆ.

ಅವನು ನನ್ನನ್ನೊಮ್ಮೆ ನೋಡಿದ. ನಲ್ಲಿಯ ವಿಷಯ ಈಗ ಬಾಯಿಬಿಡುತ್ತಾನೆ, ಬಿಟ್ಟರೆ ನಾನೂ ಬಿಡುವುದಿಲ್ಲ ಎಂದು ತಯಾರಾಗಿ ನಿಂತಿದ್ದೆ.

"ಹೌದು ಮಾವ, ನನ್ನದೇ ತಪ್ಪು," ಎಂದ. ಕ್ಯಾಮೆರಾ ಚೀಲಕ್ಕೆ ಹಾಕಿ, ಮಣ್ಣು ಸೋಸುವ ಬಟ್ಟೆಯನ್ನು ಮಡಚಿ ನನ್ನ ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿ ಹೊರಟ.

"ಅಳಿಯಂದ್ರು ಎಲ್ಲಿ ಹೋದ್ರೋ?" ಎಂದರು ಅಪ್ಪ.

"ಬರ್ತಾನೆ ಬಿಡಿ," ಎಂದೆ.

ತಂಗಿ ಈಗಲೂ ಬರುತ್ತಾಳೆ. ಒಬ್ಬಳೇ.