ಬಾಯಿ ತೆರೆದ ಬಸವಲಿಂಗಮ್ಮ

ಬಸವಲಿಂಗಮ್ಮ ಕುರ್ಚಿಯನ್ನು ಒದ್ದಳು. ಎಂಬತ್ತನಾಲ್ಕು ವರ್ಷದ ಕಾಲು. ಕುರ್ಚಿ ಬೀಳಲಿಲ್ಲ, ಅರ್ಧ ಗೇಣು ಹಿಂದಕ್ಕೆ ಸರಿಯಿತು ಅಷ್ಟೆ.

"ಕೂರಲ್ಲ ಅಂದ್ಮೇಲೆ ಕೂರಲ್ಲ. ಹೆಣ ಕೂರ್ಸೋ ಕುರ್ಚಿ ಇದು."

"ತೇಗದ್ದು ಕಣಮ್ಮ. ಹೋದ ವಾರ ಮಾಡ್ಸಿದ್ದು. ಇನ್ನೂ ಯಾವ ಹೆಣಾನೂ ಕೂತಿಲ್ಲ," ಎಂದ ಮಗ ಪ್ರಭುದೇವ. ಅವನ ಕೈಯಲ್ಲಿ ರೇಷ್ಮೆ ಶಾಲು, ರುದ್ರಾಕ್ಷಿ ಸರ, ವಿಭೂತಿ ಗಟ್ಟಿ ಇದ್ದವು. ಯಾವುದನ್ನು ಮೊದಲು ಅಮ್ಮನ ಮೇಲೆ ಹೇರಬೇಕೆಂದು ತಿಳಿಯದೆ ನಿಂತಿದ್ದ.

"ಓ, ನಾನೇ ಮೊದ್ಲು ಕೂರ್ಬೇಕಾ?"

ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಮಾಲಿನಿ ನಕ್ಕಳು. ಪ್ರಭುದೇವ ತಿರುಗಿ ನೋಡಿದ. ಅವಳು ನಗು ನಿಲ್ಲಿಸಲಿಲ್ಲ.

ಮಾಲಿನಿ ಅವನ ಚಿಕ್ಕಪ್ಪನ ಮಗಳು. ಅಂತರಸನಹಳ್ಳಿಯ ಪೈಪು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಂಡಿದ್ದವಳು ಈಗ ಕೆಲಸ ಬಿಟ್ಟು ತುಮಕೂರಿನ ಸದಾಶಿವನಗರದ ಮನೆಯಲ್ಲಿದ್ದಳು. ಚಿಕ್ಕಂದಿನಿಂದ ಫೋಟೋದ ಹುಚ್ಚು. ಆ ಬೆಳಿಗ್ಗೆ ಅಲ್ಲಿಂದ ಬಸ್ಸು ಹತ್ತಿ ಗುಬ್ಬಿಗೆ ಬಂದದ್ದು ದೊಡ್ಡಮ್ಮನ ಫೋಟೋ ತೆಗೆಯಲು. ದೊಡ್ಡಮ್ಮ ಫೋನ್ ಮಾಡಿ ಕರೆದಿದ್ದಳು. ಪ್ರಭುದೇವನೂ ಕರೆದಿದ್ದ. ಇಬ್ಬರೂ ಕರೆದದ್ದು ಒಂದೇ ಫೋಟೋಗೆ ಅಲ್ಲ ಎನ್ನುವುದು ಅವಳಿಗೆ ಈಗ ತಿಳಿಯುತ್ತಿತ್ತು.

ಪ್ರಭುದೇವ ಕುಣಿಗಲ್ಲಿನಲ್ಲಿ ಹೈವೇ ಪಕ್ಕ ಕಲ್ಯಾಣ ಮಂಟಪ ಕಟ್ಟಿಸಿದ್ದ. ಅದಕ್ಕೆ ಅಮ್ಮನ ಹೆಸರು. ಬಾಗಿಲು ದಾಟಿದ ಕೂಡಲೇ ಎದುರು ಗೋಡೆಯ ಮೇಲೆ ಅಮ್ಮನ ಫೋಟೋ ಬರಬೇಕಿತ್ತು, ಆಳೆತ್ತರಕ್ಕೆ. ಉದ್ಘಾಟನೆಗೆ ಮಠದಿಂದ ಸ್ವಾಮೀಜಿ ಬರುವವರಿದ್ದರು. ಗೋಡೆ ಸಿದ್ಧವಾಗಿತ್ತು, ಗೋಡೆಯ ಮೇಲಿನ ದೀಪ ಸಿದ್ಧವಾಗಿತ್ತು. ಅಮ್ಮ ಮಾತ್ರ ಸಿದ್ಧವಿರಲಿಲ್ಲ.

"ಹೋಗ್ಲಿ, ಕ್ಯಾಮೆರಾನಾದ್ರೂ ತೆಗಿ ನೀನು," ಎಂದ ಮಾಲಿನಿಗೆ.

ಅವಳು ಅಂಗೈ ತೋರಿಸಿದಳು. ಅದರಲ್ಲಿ ಸೋಪಿನ ಡಬ್ಬಿಗಿಂತ ಒಂದಿಷ್ಟು ದಪ್ಪಗಿನ ಕಪ್ಪು ವಸ್ತು.

"ಇದಲ್ಲ ಕಣೇ. ಕ್ಯಾಮೆರಾ."

"ಇದೇ."

"ಆ ದೊಡ್ಡದು? ಫಿರಂಗಿ ಥರ ಹೆಗಲ ಮೇಲೆ ಹೊತ್ಕೊಂಡು ತಿರುಗ್ತಿದ್ಯಲ್ಲ?"

"ಅಂಗಡಿಗೆ ಕೊಟ್ಟು ಇದನ್ನ ತಗೊಂಡೆ."

"ದೊಡ್ಡದು ಕೊಟ್ಟು ಚಿಕ್ಕದು ತಗೊಂಡ್ಯಾ?" ಪ್ರಭುದೇವ ಅಮ್ಮನ ಕಡೆ ತಿರುಗಿದ, ಸಾಕ್ಷಿಗೆ. "ನೋಡಮ್ಮ, ಎಮ್ಮೆ ಕೊಟ್ಟು ಆಡಿನ ಮರಿ ತಂದವ್ಳೆ. ಯಾಕೆ, ಕೈ ನೋವಾ?"

"ಇಲ್ಲ."

"ಮತ್ತೆ ಬೆನ್ನು? ವಯಸ್ಸಾಯ್ತು ಬುಡು, ಹೇಳ್ಕೊಳ್ಳೋಕೆ ನಾಚಿಕೆ ಏನು?"

"ಕೈನೂ ಚೆನ್ನಾಗಿದೆ, ಬೆನ್ನೂ ಚೆನ್ನಾಗಿದೆ. ಬೇಕಾದ್ರೆ ಕುಸ್ತಿಗೆ ಬಾರಣ್ಣ."

ಎಲ್ಲರೂ ಇದನ್ನೇ ಕೇಳಿದ್ದರು. ಕ್ಯಾಮೆರಾ ಅಂಗಡಿಯ ಹುಡುಗಿ ಕೇಳಿದಳು, ಪಕ್ಕದ ಮನೆಯ ಸುಮನಾ ಕೇಳಿದಳು, ಹಕ್ಕಿಗಳ ಫೋಟೋ ತೆಗೆಯಲು ಕುಣಿಗಲ್ ಕೆರೆಯ ದಂಡೆಯ ಮೇಲೆ ಭಾನುವಾರ ಸೇರುವ ಗಂಡಸರಂತೂ ಕೇಳುವ ಗೋಜಿಗೂ ಹೋಗದೆ ತೀರ್ಮಾನಿಸಿದರು: ಮೇಡಂ ಕೈಲಿ ಆಗ್ತಾ ಇಲ್ಲ. ಹೆಂಗಸು ಒಂದು ವಸ್ತುವನ್ನು ಬಿಟ್ಟರೆ ಅದು ಕೈಲಾಗದೆ ಬಿಟ್ಟದ್ದು. ಸಾಕೆನಿಸಿ ಬಿಡುವ ಹಕ್ಕು ಗಂಡಸರಿಗೆ ಮಾತ್ರ.

ಅವಳು ಬಿಟ್ಟದ್ದು ಆ ಕೆರೆಯ ದಂಡೆಯ ಮೇಲೇ. ಒಂದು ಬೆಳಿಗ್ಗೆ ಹಸಿರು ಬಟ್ಟೆ ಹೊದಿಸಿದ ಉದ್ದನೆಯ ಲೆನ್ಸುಗಳ ಸಾಲಿನಲ್ಲಿ ಅವಳೂ ನಿಂತಿದ್ದಳು. ನೀರಿನ ಮೇಲೆ ಚೀಲದಂಥ ಕೊಕ್ಕಿನ ಒಂದು ಹೆಜ್ಜಾರ್ಲೆ ಇತ್ತು. ಅದು ಕೊಕ್ಕು ಎತ್ತಿತು. ಸಾಲಿನ ಉದ್ದಕ್ಕೂ ಕ್ಯಾಮೆರಾಗಳಿಂದ ಮಳೆ ಬಿದ್ದ ತಗಡಿನಂತೆ ಪಟಪಟ ಸದ್ದಾಯಿತು. ಮನೆಗೆ ಬಂದು ನೋಡಿದರೆ ವಾಟ್ಸಾಪ್ ಗ್ರೂಪಿನಲ್ಲಿ ಅದೇ ಹಕ್ಕಿ, ಅದೇ ಕೊಕ್ಕು, ಎಲ್ಲರ ಹೆಸರಿನಲ್ಲೂ. ತನ್ನದು ಯಾವುದೆಂದು ಹುಡುಕಬೇಕಾಯಿತು. ಇನ್ನು ಆ ಕ್ಯಾಮೆರಾ ಹಿಡಿದು ಗುಬ್ಬಿಯ ಸಂತೆಗೆ ಬಂದರೆ "ಯಾವ ಚಾನೆಲ್ಲು ಮೇಡಂ?" ಎಂದು ಜನ ಮುತ್ತಿಕೊಂಡು ಚರಂಡಿ ತೋರಿಸುತ್ತಿದ್ದರು. ತಪ್ಪು ಅವರದಲ್ಲ. ಅಷ್ಟು ದೊಡ್ಡ ಕಣ್ಣು ಬಂದರೆ ಜನ ತಮ್ಮ ಮುಖ ತೋರಿಸುವುದಿಲ್ಲ, ದೂರು ತೋರಿಸುತ್ತಾರೆ.

ಈ ಚಿಕ್ಕದಕ್ಕೆ ಒಂದೇ ಲೆನ್ಸು. ಬಿಚ್ಚಲು ಬರುವುದಿಲ್ಲ, ದೂರದ್ದನ್ನು ಹತ್ತಿರ ಎಳೆಯಲು ಬರುವುದಿಲ್ಲ. ಹತ್ತಿರದ್ದು ಬೇಕಿದ್ದರೆ ಎದ್ದು ಹತ್ತಿರ ಹೋಗಬೇಕು. ಅವಳಿಗೆ ಬೇಕಾದದ್ದೂ ಅದೇ.

"ಒಳಗ್ ಬಾ ನೀನು," ಎಂದು ಬಸವಲಿಂಗಮ್ಮ ಅವಳ ರಟ್ಟೆ ಹಿಡಿದಳು. "ಇವ್ನು ಇಲ್ಲೇ ಕುರ್ಚಿ ಕಾಯ್ಲಿ."

ನಡುಮನೆಯ ಗೋಡೆಯ ಮೇಲೆ ಮಾಲಿನಿಯ ತಾತನ ಫೋಟೋ ಇತ್ತು. ತೀರಿಕೊಂಡ ಮೇಲೆ ಕೂರಿಸಿ ತೆಗೆದದ್ದು. ಅವರಲ್ಲಿ ಮಣ್ಣು ಮಾಡುವಾಗಲೂ ಕೂರಿಸಿಯೇ. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ, ಎರಡೂ ಪಕ್ಕದಲ್ಲಿ ಗಂಡುಮಕ್ಕಳ ಸಾಲು. ಅಂದು ಸ್ಟುಡಿಯೋದವನು ಯಾವುದೋ ಮದುವೆಗೆ ಹೋಗಿದ್ದ. ಕ್ಯಾಮೆರಾ ಇದ್ದ ಮಾಲಿನಿಯ ಅಪ್ಪ, ತಾತನ ಮಗನಾದ್ದರಿಂದ, ಸಾಲಿನಲ್ಲಿ ಕೂರಬೇಕಿತ್ತು. ಹೆಂಗಸರು ಅಳುತ್ತಿದ್ದರು. ಕೈ ಖಾಲಿ ಇದ್ದವಳು ಹನ್ನೆರಡು ವರ್ಷದ ಮಾಲಿನಿ ಒಬ್ಬಳೇ. ಅಪ್ಪ ತನ್ನ ಡಬ್ಬಿ ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟು, "ಉಸಿರು ಹಿಡ್ಕೊಂಡು ಒತ್ತು" ಎಂದಿದ್ದ. ಅದು ಅವಳ ಮೊದಲ ಫೋಟೋ.

ಬಸವಲಿಂಗಮ್ಮ ಗಾಜಿನ ಮೇಲೆ ಬೆರಳಿಟ್ಟಳು. ತಾತನ ಕಿವಿಯ ಹಿಂದೆ, ಬಿಳಿ ಪಂಚೆಯ ಅಂಚಿನಲ್ಲಿ, ನಾಲ್ಕು ಬೆರಳು ಮತ್ತು ಒಂದು ಗಾಜಿನ ಬಳೆ.

"ಇದು ಯಾರು ಹೇಳು?"

"ನೀನು."

"ಹೂಂ. ಮಾವನ ತಲೆ ವಾಲ್ತಿತ್ತು. ಹಿರೇಸೊಸೆ ಹಿಡ್ಕೊಳ್ಳಿ ಅಂದ್ರು. ಕುರ್ಚಿ ಹಿಂದೆ ಮಂಡಿಯೂರ್ಕೊಂಡು ಕೂತೆ, ಮೇಲೆ ಪಂಚೆ ಹೊದ್ಸಿದ್ರು. ಈ ಮನೇಲಿ ನಂದು ಅಂತ ಇರೋ ಫೋಟೋ ಇಷ್ಟೇಯ. ಮದ್ವೇಲಿ ತೆಗ್ದಿದ್ದು ಗೆದ್ಲು ತಿಂದೋಯ್ತು. ಆಧಾರ್ ಕಾರ್ಡಲ್ಲಿರೋಳು ಯಾರೋ ಕಳ್ಳಿ."

ಮಾಲಿನಿ ಬಾಗಿ ಆ ಬಳೆಯನ್ನು ನೋಡಿದಳು.

"ನಾನು ಸತ್ ಮೇಲೆ ನನ್ನೂ ಹಿಂಗೇ ಕೂರ್ಸ್ತಾರೆ. ಎಲ್ರೂ ಮೊಬೈಲಲ್ಲಿ ಹೊಡ್ಕೊತಾರೆ. ಅದು ಅವ್ರಿಗೆ. ನಂಗೊಂದು ಬೇಕು ಕಣ್ ಮಗ. ಪೂರ್ತಿ ಮುಖ. ನಾನು ಇದ್ದಂಗೆ. ಶಾಲೂ ಬೇಡ, ಕುರ್ಚೀನೂ ಬೇಡ."

"ಹಂಗಾದ್ರೆ ಎಲ್ಲಿ ಕೂರ್ತೀಯ?"

"ಅವರೆಕಾಯಿ ಬಿಡಿಸ್ಬೇಕು. ಹಿತ್ತಲಿಗೆ ಬಾ."

ಹಿತ್ತಲ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಬಸವಲಿಂಗಮ್ಮ ಕೂತಳು. ತಲೆಯ ಮೇಲಿನ ಸೆರಗು ಜಾರಿತು, ಎಳೆದುಕೊಳ್ಳಲಿಲ್ಲ. ಮೊದಲಾಗಿದ್ದರೆ ಮಾಲಿನಿ ಹತ್ತು ಮಾರು ಆಚೆ ತೆಂಗಿನ ಮರಕ್ಕೆ ಒರಗಿ ನಿಲ್ಲುತ್ತಿದ್ದಳು. ಈಗ ದೊಡ್ಡಮ್ಮನ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ, ಕೆಳಗಿನ ಮೆಟ್ಟಿಲ ಮೇಲೆ ಕೂತಳು. ದೊಡ್ಡಮ್ಮನ ಉಸಿರಿನಲ್ಲಿ ಎಲೆಯಡಿಕೆ, ಬೆರಳಲ್ಲಿ ಅವರೆಯ ಸೊಗಡು. ಒಂದು ತೆಗೆದಳು. ಇನ್ನೊಂದು.

"ಯಾವಾಗ್ ಹೊಡೀತೀಯ?"

"ಹೊಡೀತಾನೇ ಇದೀನಲ್ಲ."

"ಸುಳ್ಳು. ಸದ್ದೇ ಬರ್ಲಿಲ್ಲ."

"ಇದು ಸದ್ದು ಮಾಡಲ್ಲ ದೊಡ್ಡಮ್ಮ."

"ಸದ್ದಿಲ್ದೆ ಫೋಟೋ ಹೆಂಗ್ ಬತ್ತದೆ? ಕೆಟ್ಟೋಗದೆ ಅದು. ಅಂಗಡಿಯೋನು ನಿಂಗೆ ಟೋಪಿ ಹಾಕವ್ನೆ."

"ಇಲ್ಲ ಅಂತೀನಿ."

"ನಿಮ್ಮಪ್ಪಂದು ಹೆಂಗೆ ಟಕ್ ಅಂತಿತ್ತು! ಹೊಡದ್ರೆ ಹೊಡ್ಸ್ಕೊಂಡೋರಿಗೆ ಗೊತ್ತಾಗ್ಬೇಕು ಕಣೇ."

ಮಾಲಿನಿ ಕ್ಯಾಮೆರಾವನ್ನು ಕಣ್ಣಿಗಿಟ್ಟುಕೊಂಡಳು. ಗುಂಡಿಯ ಮೇಲೆ ಬೆರಳಿಟ್ಟು, ಬಾಯಲ್ಲಿ ಜೋರಾಗಿ ಹೇಳಿದಳು:

"ಟಕ್!"

ಬಸವಲಿಂಗಮ್ಮನ ಕೈ ಅವರೆಕಾಯಿಯ ಮೇಲೇ ನಿಂತಿತು. ಆಮೇಲೆ ನಗು ಬಂತು. ಅದು ಬರುವ ಮೊದಲು ಹೊಟ್ಟೆ ಕುಣಿಯಿತು, ಮೊರ ಕುಣಿಯಿತು, ಅವರೆಕಾಳು ಚೆಲ್ಲಿದವು, ತಲೆ ಹಿಂದಕ್ಕೆ ಹೋಯಿತು, ಬಾಯಿ ಪೂರ್ತಿ ತೆರೆಯಿತು. ಬಾಯೊಳಗೆ ಉಳಿದಿದ್ದ ಹಲ್ಲುಗಳು, ಕೆಂಪು ನಾಲಿಗೆ, ಅದರಾಚೆ ಕತ್ತಲು. ಹಿಂದೆ ಬಟ್ಟೆ ಒಗೆಯುವ ಕಲ್ಲು, ತಂತಿಯ ಮೇಲೆ ಪ್ರಭುದೇವನ ಪಟಾಪಟಿ ಚಡ್ಡಿ, ಎಲ್ಲ ಸ್ಪಷ್ಟ.

ಮಾಲಿನಿ ಒತ್ತಿದಳು.

ಪ್ರಭುದೇವನಿಗೆ ತೋರಿಸಿದಾಗ ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಇದ್ಯಾವ್ ಸೀಮೆ ಫೋಟೋ ಮಾರಾಯ್ತಿ. ಎರಡೇ ಹಲ್ಲು ಕಾಣ್ತವೆ."

"ಮೂರು. ಸರ್ಯಾಗ್ ನೋಡು," ಎಂದಳು ಮಾಲಿನಿ.

"ಹಿಂದೆ ನನ್ ಚಡ್ಡಿ ಬೇರೆ!"

"ಕೊಡ್ಲಾ ಇಲ್ಲಿ," ಎಂದು ಬಸವಲಿಂಗಮ್ಮ ಕಿತ್ತುಕೊಂಡಳು. ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು. ಬಹಳ ಹೊತ್ತು ನೋಡಿದಳು. "ನಾನೇ ಇದು," ಎಂದಳು. ದನಿಯಲ್ಲಿ ಸಣ್ಣ ಆಶ್ಚರ್ಯವಿತ್ತು, ದಾರಿಯಲ್ಲಿ ಯಾರೋ ಹಳೆ ಪರಿಚಯದವರು ಸಿಕ್ಕ ಹಾಗೆ. "ನಮ್ಮವ್ವನ್ ಥರ ನಗ್ತೀನಿ ನೋಡು. ಪ್ರಭೂ, ಗೋಡೆಗೆ ಇದೇ ಹಾಕು."

"ಅಮ್ಮ, ಸ್ವಾಮೀಜಿ ಬರ್ತಾರೆ."

"ಬರ್ಲಿ. ಅವ್ರೂ ನಗ್ಲಿ. ಮದ್ವೆ ಮನೆ ತಾನೇ, ಇನ್ನೇನು ಅಳೋಕ್ ಬತ್ತಾರಾ?"

"ಇಷ್ಟು ಚಿಕ್ಕ ಕ್ಯಾಮೆರಾದ್ದು ದೊಡ್ಡದು ಮಾಡಿದ್ರೆ ಒಡ್ದೋಗುತ್ತೆ ಅಮ್ಮ. ಫ್ಲೆಕ್ಸ್ ನಾಗೇಶ್ ಹೇಳ್ತಿರ್ತಾನೆ, ಚುಕ್ಕಿ ಚುಕ್ಕಿ ಬರುತ್ತೆ."

"ಒಡೆಯಲ್ಲ," ಎಂದಳು ಮಾಲಿನಿ. "ಗೋಡೆ ಒಡ್ದೋದ್ರೆ ನಂಗೊತ್ತಿಲ್ಲ."

ಪ್ರಭುದೇವ ಸುಮ್ಮನಾದ. ತೆಂಗಿನಕಾಯಿ ಮಂಡಿಯ ವ್ಯಾಪಾರದವನು; ಸುಮ್ಮನಾದನೆಂದರೆ ಒಪ್ಪಿದನೆಂದಲ್ಲ.

ಮುಂದಿನ ಭಾನುವಾರ ಅವನು ಒಬ್ಬನೇ ಸದಾಶಿವನಗರಕ್ಕೆ ಬಂದ. ಕೈಯಲ್ಲಿ ಮದುವೆಯ ತಾಂಬೂಲದ ಚೀಲಕ್ಕಿಂತ ದೊಡ್ಡದೊಂದು ಚೀಲ. ಕಾಫಿ ಕುಡಿದ. ಕಾಯಿ ರೇಟಿನ ಬಗ್ಗೆ ಮಾತಾಡಿದ. ನಂತರ ಚೀಲದಿಂದ ಡಬ್ಬ ತೆಗೆದು ಟೀಪಾಯಿಯ ಮೇಲಿಟ್ಟು ತಾನೇ ಬಿಚ್ಚಿದ.

ಕ್ಯಾಮೆರಾ, ಅವಳು ಅಂಗಡಿಗೆ ಕೊಟ್ಟದ್ದಕ್ಕಿಂತ ಎರಡು ತಲೆಮಾರು ಮುಂದಿನದು. ಅದರ ಪಕ್ಕದಲ್ಲಿ ಲೆನ್ಸು, ಮುಂಭಾಗದ ಗಾಜು ಕಾಫಿ ಲೋಟದ ಬಾಯಿಯಷ್ಟು ಅಗಲ. ಗಾಜಿನಲ್ಲಿ ನೇರಳೆ ಬಣ್ಣ ಮಿಂಚಿ ಹೋಯಿತು.

"ನಿಂಗೇ. ಬೆಂಗಳೂರಿಂದ ತರ್ಸಿದ್ದು. ಹಿಡ್ಕೊಂಡು ನೋಡು."

ಅವಳು ಹಿಡಿದುಕೊಂಡಳು. ಹಿಡಿಯಬಾರದಿತ್ತು. ಬೆರಳುಗಳು ಕೇಳದೆಯೇ ತಂತಮ್ಮ ಜಾಗಕ್ಕೆ ಹೋಗಿ ಕೂತವು. ಎಷ್ಟೋ ವರ್ಷಗಳ ಅಭ್ಯಾಸ. ತೂಕ ಮಣಿಕಟ್ಟಿಗೆ ಇಳಿದದ್ದು ನೋವಾಗಲಿಲ್ಲ, ಹಿತವಾಯಿತು. ಇಂಥದ್ದೊಂದಕ್ಕಾಗಿ ಅವಳು ಒಂದು ಕಾಲದಲ್ಲಿ ಎಷ್ಟು ಆಸೆಪಟ್ಟಿದ್ದಳು. ಲೆನ್ಸು ಜೋಡಿಸಿ, ಕಣ್ಣಿಗಿಟ್ಟುಕೊಂಡು ಪ್ರಭುದೇವನತ್ತ ತಿರುಗಿಸಿದಳು. ಅವನ ಮುಖ ಒಂದೊಂದು ರೆಪ್ಪೆಕೂದಲ ಸಮೇತ ಎದ್ದು ನಿಂತಿತು. ಅವನ ಹಿಂದಿನ ಅಡುಗೆಮನೆ, ಕ್ಯಾಲೆಂಡರು, ಒಗ್ಗರಣೆಯ ಹೊಗೆ ಹತ್ತಿದ ಗೋಡೆ ಎಲ್ಲ ಕರಗಿ ಬೆಣ್ಣೆಯಾಗಿ ಹೋದವು. ಅವನು ಎಲ್ಲಿಯವನೂ ಅಲ್ಲದ, ಯಾರ ಮಗನೂ ಅಲ್ಲದ ಒಬ್ಬ ಗೌರವಸ್ಥನಂತೆ ಕಂಡ.

"ಹೆಂಗಿದೆ?"

"ಚೆನ್ನಾಗಿದೆ," ಎಂದಳು. ಅದು ನಿಜ.

"ಹಂಗಾದ್ರೆ ಕೇಳು." ಅವನು ಮುಂದೆ ಬಾಗಿದ. "ಇದ್ರಲ್ಲಿ ಅಮ್ಮಂದು ಒಂದು ನೀಟಾಗಿ ತೆಗ್ದುಕೊಡು. ಶಾಲು, ವಿಭೂತಿ, ಕೈ ಮುಗ್ದಿರೋದು. ಅವಳು ಒಪ್ಕೋತಾಳೆ, ನೀನು ಒಂದ್ ಮಾತು ಹೇಳಿದ್ರೆ."

"ಏನಂತ?"

"ಆ ಚಿಕ್ಕದ್ರಲ್ಲಿ ತೆಗ್ದಿದ್ದು ಕೆಟ್ಟೋಯ್ತು ಅಂತ. ಒಡ್ದೋಯ್ತು, ಬರ್ಲಿಲ್ಲ ಅಂತ. ಸದ್ದು ಬರ್ಲಿಲ್ಲ ಅಂತ ಅವಳಿಗೆ ಮೊದ್ಲೇ ಅನುಮಾನ ಇದೆ, ತಕ್ಷಣ ನಂಬ್ತಾಳೆ. ಅದನ್ನ ಡಿಲೀಟ್ ಮಾಡ್ಬುಡು. ಅಷ್ಟೇ."

ಕ್ಯಾಮೆರಾ ಇನ್ನೂ ಮಾಲಿನಿಯ ಕೈಯಲ್ಲಿತ್ತು.

"ನೀನು ನನ್ನ ಕೆಟ್ಟೋನು ಅಂದ್ಕೊಬೇಡ," ಎಂದ ಪ್ರಭುದೇವ. ದನಿ ಇಳಿದಿತ್ತು. "ನಮ್ಮಮ್ಮ ಜೀವನದಲ್ಲಿ ಒಂದು ದಿನ ಮರ್ಯಾದೆಯಾಗಿ ಕುರ್ಚಿ ಮೇಲೆ ಕೂತಿಲ್ಲ ಕಣೇ. ಎಲ್ರೂ ಉಂಡ್ ಮೇಲೆ ನೆಲದ ಮೇಲೆ ಕೂತು ಉಂಡೋಳು. ಆ ಗೋಡೆ ಮೇಲಾದ್ರೂ ಕೂರ್ಲಿ ಅಂತ. ಅಲ್ಲಿ ಬಂದೋರು ಅವಳನ್ನ ನೋಡಿ ಕೈ ಮುಗೀಬೇಕು. ಹಲ್ ನೋಡಿ ನಗಬಾರ್ದು."

ಇದು ಸುಳ್ಳಲ್ಲ. ಅದೇ ಕಷ್ಟವಾಗಿತ್ತು. ಅವನು ಅಮ್ಮನಿಗೆ ಒಂದು ಕುರ್ಚಿ ಕೊಡಬೇಕೆಂದಿದ್ದ, ಮನಸ್ಸಾರೆ. ಅಮ್ಮ ಅದನ್ನು ಒದ್ದದ್ದು ಮಾತ್ರ ಅವನಿಗೆ ಕಾಣಿಸಿರಲಿಲ್ಲ, ಕಣ್ಣೆದುರೇ ಒದ್ದಿದ್ದರೂ.

"ದೊಡ್ಡಮ್ಮ ಅದನ್ನ ನೋಡಿದಾಳೆ ಅಣ್ಣ. 'ನಾನೇ ಇದು' ಅಂದ್ಲು."

"ಅವಳಿಗೇನ್ ತಿಳಿಯುತ್ತೆ, ಎಂಬತ್ನಾಲ್ಕು ವರ್ಷ. ನಾಳೆ ಮರೀತಾಳೆ."

"ಮರೀಲಿ. ಫೋಟೋ ಇರುತ್ತಲ್ಲ."

"ಹಠ ಮಾಡ್ಬೇಡ ಮಾಲಿನಿ. ನೀನೂ ಎಷ್ಟು ದಿನ ಆ ಆಟದ ಸಾಮಾನು ಇಟ್ಕೊಂಡು ಓಡಾಡ್ತೀಯ? ಜನ ಏನೇನೋ ಅಂತಾರೆ, ಕೈಲಾಗಲ್ಲ ಅಂತಾರೆ. ಇದನ್ನ ಹಿಡ್ಕೊಂಡು ಒಂದ್ಸಲ ಕುಣಿಗಲ್ ಕೆರೆ ಏರಿ ಮೇಲೆ ನಿಂತ್ಕೊ, ಆ ಗಂಡಸ್ರೆಲ್ಲ ಬಾಯಿ ಮುಚ್ಕೊತಾರೆ. ಬ್ಯಾಟರಿ ಎರಡು ಅವೆ. ವಾರಂಟಿ ನಿನ್ ಹೆಸರಲ್ಲೇ ಬರ್ಸಿದೀನಿ."

ಅವಳು ಲೆನ್ಸಿಗೆ ಮುಚ್ಚಳ ಹಾಕಿ ಬಿಚ್ಚಿಟ್ಟಳು. ಕ್ಯಾಮೆರಾವನ್ನು ಡಬ್ಬದ ಹಳ್ಳದೊಳಗೆ ಇಳಿಸಿದಳು, ಮೇಲಿನ ರಟ್ಟು ಮಡಚಿದಳು, ಡಬ್ಬವನ್ನು ಅವನ ಕಡೆಗೆ ತಳ್ಳಿದಳು.

"ಬೇಡ."

"ಏನ್ ಬೇಡ?"

"ಕ್ಯಾಮೆರಾ ಬೇಡ. ಕೆಟ್ಟೋಯ್ತು ಅಂತ ನಾನು ಹೇಳಲ್ಲ. ತಗೊಂಡ್ಹೋಗು."